ಬೊಮ್ಮಕ್ಕ ಹೇಳಿದ್ದು, ನಾನು ಬರೆದಿದ್ದು

5 ಜೂನ್ 2006, ಸೋಮವಾರ. ಬೆಳಿಗ್ಗೆ 11

ಕರೆಂಟು ಹೋಗಿದೆ. ಪಾಲಾಕ್ಷನ ಸೈಬರ್ ಹೊರಗಿನ ಬೆಂಚಿನ ಮೇಲೆ ಕೂತಿದ್ದೇನೆ. ಅರ್ಧ ಟೈಪ್ ಆಗಿತ್ತು, ಸೇವ್ ಮಾಡಿದ್ದೆನೋ ಇಲ್ಲವೋ ನೆನಪಿಲ್ಲ. ಚಳ್ಳಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಇರುವುದು ಇದೊಂದೇ ಸೈಬರ್. ನಾಲ್ಕು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷಿನ್. ಸೋಮವಾರ ಮೂಲೆಯದನ್ನು ನನಗೆಂದೇ ಬಿಟ್ಟಿರುತ್ತಾನೆ.

"ಪಾಸ್ಟ್ರೇ, ನಿಮ್ಮ ದೇವ್ರಿಗೆ ಹೇಳಿ ಕರೆಂಟ್ ತರಸ್ರಿ. ನನ್ನ ದೇವ್ರಿಗೆ ಹೇಳಿ ಸಾಕಾಗೈತೆ" ಎಂದ ಪಾಲಾಕ್ಷ.

ನಾನು ನಡೆಸುವ ಇ-ಮೇಲ್ ಗ್ರೂಪಿನ ಪರಿಚಯವನ್ನು ಹೊಸದಾಗಿ ಬರೆಯಬೇಕು. ಸೇರುವವರು ಕೇಳುತ್ತಿದ್ದಾರೆ. ಕರಡು—

'ಇದು "ಬುತ್ತಿ". ಸೋಮವಾರಕ್ಕೊಂದು ಬೈಬಲ್ ವಾಕ್ಯ, ಅದರ ಜೊತೆ ಒಂದು ಪ್ರಶ್ನೆ. ಇಲ್ಲಿ ಪ್ರಸಂಗ, ಬೋಧನೆ ಇಲ್ಲ. ಓದಿ ನಿಮಗೆ ತೋಚಿದ್ದನ್ನು ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ಆಯಿತು, ನಾನು ಕನ್ನಡ ಲಿಪಿಗೆ ತಿರುಗಿಸಿ ಹಾಕುತ್ತೇನೆ. ಹೆಸರು ಹೇಳಲೇಬೇಕೆಂದಿಲ್ಲ.'

ಎಂಟು ತಿಂಗಳಲ್ಲಿ 41 ಜನ. ಗುಂತಕಲ್ಲಿನ ರಿಟೈರ್ಡ್ ರೈಲ್ವೆ ಗಾರ್ಡ್ ದಾನಿಯೇಲಪ್ಪ, ದಾವಣಗೆರೆಯ ಇಬ್ಬರು ಟೀಚರು... ಹೆಸರು ಹೇಳದವರೇ ಹೆಚ್ಚು. 'ಹೊಸಬೆಳಕು79' ಎಂಬ ಐಡಿಯವರು ಹೋದ ವಾರ ಬರೆದಿದ್ದರು: ನಾನಿರುವ ದೇಶದಲ್ಲಿ ಕೂಡಿ ಪ್ರಾರ್ಥನೆ ಮಾಡಲು ಆಗುವುದಿಲ್ಲ. ಸೋಮವಾರವೇ ನನ್ನ ಭಾನುವಾರ.

ಆ ಸಾಲನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ.

11 ಜೂನ್, ಭಾನುವಾರ

ಆರಾಧನೆಗೆ 23 ಜನ. ಮಕ್ಕಳೂ ಸೇರಿ.

ಮುಗಿದ ಮೇಲೆ ಸಭೆಯ ಹಿರಿಯರು ಮರುಳಪ್ಪನವರು ಚಪ್ಪಲಿ ಹಾಕಿಕೊಳ್ಳುತ್ತಾ— "ಅಯ್ನೋರೆ, ಸೋಮವಾರ ನಿಮ್ಮ ಮುಖ ಭಾಳ ಚೆನ್ನಾಗಿರ್ತೈತಂತೆ. ಪಾಲಾಕ್ಷ ಹೇಳ್ತಿದ್ದ. ಭಾನುವಾರನೂ ವಸಿ ಹಂಗೇ ಇಟ್ಕಳ್ರಿ."

ನಕ್ಕೆ. ಮನೆಗೆ ಬಂದು ಹೆಂಡತಿ ಸುಗುಣಳಿಗೆ ಹೇಳಿದೆ. ಅವಳು ನಗಲಿಲ್ಲ.

18 ಜೂನ್, ಭಾನುವಾರ

ತಿಂಗಳ ಮೂರನೇ ಭಾನುವಾರ. ಮಧ್ಯಾಹ್ನ ರಾಂಪುರ. ಗೀತಮ್ಮನವರ ಮನೆಯಲ್ಲಿ ಪ್ರಾರ್ಥನೆ, ಒಂಬತ್ತು ಜನ.

ಎಲ್ಲರೂ ಎದ್ದ ಮೇಲೆ ದೇವಸಮುದ್ರದ ಬೊಮ್ಮಕ್ಕ ಒಬ್ಬಳೇ ಕೂತಿದ್ದಳು. ಎರಡು ವರ್ಷದಿಂದ ಬರುತ್ತಾಳೆ. ಕುರಿ ಸಾಕಿಕೊಂಡು ಒಬ್ಬಳೇ ಇದ್ದಾಳೆ. ಮಗಳು ಎಲ್ಲೋ ಹೊರದೇಶದಲ್ಲಿ ನರ್ಸ್. ಇದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

"ಒಂದು ಮಾತೈತೆ ಅಯ್ನೋರೆ. ಇವತ್ತಿನ ತನಕ ಯಾರಿಗೂ ಹೇಳಿಲ್ಲ" ಎಂದಳು. ಹೇಳಿದಳು. ಗಂಡ ತಿಪ್ಪಯ್ಯನ ಕೊನೆಯ ದಿನದ ಮಾತು. ಎಂಟು ವರ್ಷದ ಹಿಂದೆ, ಬಳ್ಳಾರಿಯ ಆಸ್ಪತ್ರೆ. ಕಿಡ್ನಿ ಕೆಟ್ಟು ಮೈಯೆಲ್ಲ ಊದಿತ್ತು. ನೀರು ಕೊಡಕೂಡದು ಎಂದು ಡಾಕ್ಟರು ಹೇಳಿದ್ದರು. ಅವನು ನೀರು ನೀರು ಎಂದು ಬೇಡಿದ. ಮನೆಯಿಂದ ಒಯ್ದಿದ್ದ ತಾಮ್ರದ ಚೊಂಬು ಇವಳ ಮಡಿಲಲ್ಲೇ ಇತ್ತು. ಹಸಿರು ಸೀರೆಯ ಚೂರು ಹರಿದು ಅದರ ಬಾಯಿಗೆ ಕಟ್ಟಿದ್ದಳಂತೆ...

ಮುಂದಿನದನ್ನು ಇವತ್ತು ಬರೆಯಲಾರೆ. ಬಸ್ಸಿನಲ್ಲಿ ಚಳ್ಳಕೆರೆಯವರೆಗೆ ಅದೇ ತಲೆಯಲ್ಲಿ.

25 ಜೂನ್, ಭಾನುವಾರ. ಮಧ್ಯಾಹ್ನ

ನಾಳೆಯ ವಾಕ್ಯ— ಶಿಲುಬೆಯ ಮೇಲಿದ್ದ ಯೇಸು ಬಾಯಾರಿದೆ ಎಂದದ್ದು. ಬೊಮ್ಮಕ್ಕನ ಸಂಗತಿಯನ್ನು ಜೊತೆಗಿಟ್ಟು ಬರೆದೆ. ಹೆಸರಿಲ್ಲ, ಊರಿಲ್ಲ. 'ಒಬ್ಬ ಸಹೋದರಿ' ಎಂದಷ್ಟೇ. ಕೊನೆಯನ್ನು ಮಾತ್ರ ವಾಕ್ಯಕ್ಕೆ ಕೂಡುವಂತೆ ತಿರುಗಿಸಿದೆ. ಬರಹಕ್ಕೆ ಬಿಗಿ ಬಂದಿದೆ.

ಸುಗುಣಳಿಗೆ ಓದಿದೆ. ಕಣ್ಣೊರೆಸಿಕೊಂಡಳು. ಆಮೇಲೆ, "ಯಾರ್ರೀ ಅದು?" ಎಂದಳು. ಯಾರೋ ಒಬ್ಬರು ಎಂದೆ.

26 ಜೂನ್, ಸೋಮವಾರ

ಹಾಕಿದೆ. ಮಧ್ಯಾಹ್ನದೊಳಗೆ ಏಳು ಉತ್ತರ.

28 ಜೂನ್, ಬುಧವಾರ

31 ಉತ್ತರ. ಯಾವತ್ತೂ ಇಷ್ಟು ಬಂದಿಲ್ಲ. ತಾಯಿಗೆ ಕೊನೆಗಾಲದಲ್ಲಿ ಗಂಜಿ ಕೊಡದ ಮಗ ಬರೆದಿದ್ದಾನೆ. ದಾನಿಯೇಲಪ್ಪನವರು ಹೆಂಡತಿಯ ಬಗ್ಗೆ ಎರಡು ಪುಟ ಬರೆದಿದ್ದಾರೆ— ಇಷ್ಟು ದಿನ ಬರೇ 'ಆಮೆನ್' ಹಾಕುತ್ತಿದ್ದವರು. ಒಬ್ಬರಿಗೊಬ್ಬರು ಉತ್ತರ ಕೊಡುತ್ತಿದ್ದಾರೆ, ನಾನು ನಡುವೆ ಬಾಯಿ ಹಾಕಬೇಕಿಲ್ಲ. ಇದೇ ನಾನು ಬಯಸಿದ್ದು. ಇದು ಸಭೆ ಅಲ್ಲದಿದ್ದರೆ ಮತ್ತೇನು?

ಸಂಜೆ ಮೊಳಕಾಲ್ಮೂರು. ಎಂದಿನಂತೆ ಪ್ರಿಂಟ್ ತೆಗೆದುಕೊಂಡು ಗೋಪಿಯ ಮನೆಗೆ ಹೋದೆ. ಗೋಪಿ ನೇಕಾರ. ಮನೆಯಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ. ನಮ್ಮ ಸಭೆಯವನಲ್ಲ, ಆದರೆ ಓದಿದರೆ ಮಗ್ಗ ನಿಲ್ಲಿಸದೆ ಕೇಳುತ್ತಾನೆ. ಇವತ್ತು ನಿಲ್ಲಿಸಿದ.

"ಆಯಮ್ಮಂಗೆ ಇದನ್ನ ಓದಿ ತೋರ್ಸಿದ್ರಾ ಸಾರ್?"

"ಇಲ್ಲ. ಹೆಸರು ಹಾಕಿಲ್ಲವಲ್ಲ."

"ಹೆಸರು ಯಾಕೆ ಬೇಕು ಸಾರ್. ನಾನು ನೇಯ್ದ ಸೀರೇನ ಬಳ್ಳಾರಿ ಸಂತೇಲಿ ನೋಡಿದ್ರೂ ಗುರುತು ಹಿಡೀತೀನಿ" ಎಂದ. ಮತ್ತೆ ಲಾಳಿ ಎಸೆದ.

ಮಾತು ಬೇರೆ ಕಡೆ ತಿರುಗಿಸಿದೆ.

3 ಜುಲೈ, ಸೋಮವಾರ

ಗ್ರೂಪ್ 68. ಒಂದೇ ವಾರದಲ್ಲಿ. ಪಾಲಾಕ್ಷನಿಗೆ ತೋರಿಸಿದೆ. "ಪರವಾಗಿಲ್ಲ ಪಾಸ್ಟ್ರೇ, ಊರಾಗಿನ ಸಭೆಗಿಂತ ಮೂರು ಪಾಲು ಆತು" ಎಂದ.

ಒಬ್ಬರು ಬಿಟ್ಟಿದ್ದಾರೆ. ಹೊಸಬೆಳಕು79. ನನ್ನೊಬ್ಬನಿಗೇ ಮೇಲ್ ಇತ್ತು.

'ಅಯ್ಯನವರೇ, ಹಸಿರು ಬಟ್ಟೆ ಕಟ್ಟಿದ ಆ ತಾಮ್ರದ ಚೊಂಬು ನಮ್ಮ ಮನೆಯದು. ನನ್ನ ಹೆಸರು ಶ್ರುತಿ. ದೇವಸಮುದ್ರದ ಬೊಮ್ಮಕ್ಕನ ಮಗಳು. ಅಪ್ಪ ಹೋದಾಗ ನಾನು ದುರ್ಗದಲ್ಲಿ ನರ್ಸಿಂಗ್ ಮೊದಲ ವರ್ಷದಲ್ಲಿದ್ದೆ. ನಿದ್ದೆಯಲ್ಲೇ ಹೋದ, ನೋವಿರಲಿಲ್ಲ ಅಂತ ಅವ್ವ ಹೇಳಿದ್ದಳು. ಎಂಟು ವರ್ಷ ಅದನ್ನೇ ನಂಬಿದ್ದೆ. ನನ್ನ ಅಪ್ಪ ಹೇಗೆ ಸತ್ತ ಅನ್ನೋದು 67 ಜನರ ಜೊತೆ ಕೂತು ನನಗೆ ಗೊತ್ತಾಯಿತು.'

ಇಷ್ಟೇ.

ಮಗಳು ಹೊರದೇಶದಲ್ಲಿ ನರ್ಸ್ ಎಂದು ತಾಯಿ ಹೇಳಿದ್ದಳು. ಹೊರದೇಶದಲ್ಲಿದ್ದೇನೆ ಎಂದು ಇವಳೂ ಬರೆದಿದ್ದಳು. ಎರಡೂ ನನ್ನ ಹತ್ತಿರವೇ ಇದ್ದವು. ಕೂಡಿಸಿ ನೋಡಲಿಲ್ಲ.

10 ಜುಲೈ, ಸೋಮವಾರ

ವಾಕ್ಯ ಹಾಕಲಿಲ್ಲ. ಜ್ವರ ಎಂದು ಗ್ರೂಪಿಗೆ ಬರೆದೆ. ಜ್ವರವಿಲ್ಲ.

16 ಜುಲೈ, ಭಾನುವಾರ

ರಾಂಪುರ. ಬೊಮ್ಮಕ್ಕ ಬಂದಿಲ್ಲ.

ಗೀತಮ್ಮನವರು ಚಹಾ ಕೊಡುತ್ತಾ ಮೆಲ್ಲಗೆ— "ಹೋದ ಶುಕ್ರವಾರದ ಹಿಂದಿನ ಶುಕ್ರವಾರ ಮಗಳು ಫೋನ್ ಮಾಡಿದ್ಲಂತೆ. ಪಕ್ಕದ ಮನೆ ಫೋನಿಗೆ. ಆವತ್ತಿಂದ ಅಕ್ಕ ಯಾರ ಕೂಡನೂ ಮಾತಾಡಿಲ್ಲ. ಏನಾಗೈತೋ ನಿಮಗೇನಾರ ಗೊತ್ತೇನ್ರಿ?"

ಗೊತ್ತು ಎಂದೆ. ಏನೆಂದು ಹೇಳಲಿಲ್ಲ. ಚಹಾ ಅರ್ಧ ಬಿಟ್ಟು ಎದ್ದೆ. ದೇವಸಮುದ್ರಕ್ಕೆ ಟೆಂಪೋ ನಿಂತಿತ್ತು. ಹತ್ತಬಹುದಿತ್ತು. ಹತ್ತಲಿಲ್ಲ. ಚಳ್ಳಕೆರೆ ಬಸ್ಸು ಬಂತು, ಹತ್ತಿದೆ.

ಸುಗುಣಳಿಗೆ ಎಲ್ಲವನ್ನೂ ಹೇಳಿದೆ. "ನಾಳೆ ಸೋಮವಾರ. ಸೈಬರ್‌ಗೆ ಹೋಗಬೇಡಿ. ನಾಡಿದ್ದು ಬೆಳಿಗ್ಗೆ ದೇವಸಮುದ್ರಕ್ಕೆ ಹೋಗಿ. ನಾಳೆ ಅವರೂರಲ್ಲಿ ಸಂತೆ, ಮನೇಲಿರಲ್ಲ" ಎಂದಳು. ಇವಳಿಗೆ ಅದೆಲ್ಲ ಹೇಗೆ ಗೊತ್ತಿರುತ್ತದೋ.

18 ಜುಲೈ, ಮಂಗಳವಾರ. ಸಂಜೆ

ಹೋಗಿ ಬಂದೆ. ನಡೆದದ್ದು ನಡೆದಂತೆ ಬರೆಯುತ್ತೇನೆ. ಈ ಸಲ ಏನನ್ನೂ ತಿರುಗಿಸುವುದಿಲ್ಲ.

ಹತ್ತು ಗಂಟೆಗೆ ತಲುಪಿದೆ. ಬೊಮ್ಮಕ್ಕ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. ಎಲ್ಲ ಕಟ್ಟಿ ಮುಗಿಸಿ, ಕೈ ತೊಳೆದು, ಚಾಪೆ ಹಾಸಿದಳು. ನೀರು ತಂದು ಕೊಟ್ಟಳು. ಕುಡಿದೆ.

"ನಾನು ನಿಮ್ಮ ಕಿವಿಗೆ ಹೇಳಿದ್ದೆ ಅಯ್ನೋರೆ. ಊರಿಗಲ್ಲ."

"ಹೌದು."

"ಯಾಕೆ ಹಾಕಿದ್ರಿ?"

ಬಸ್ಸಿನಲ್ಲಿ ಉತ್ತರ ತಯಾರು ಮಾಡಿಕೊಂಡಿದ್ದೆ— ಹಲವರಿಗೆ ಸಮಾಧಾನವಾಗಲಿ ಎಂದು, ಹೆಸರು ಹಾಕಲಿಲ್ಲ ಎಂದು. ಎದುರಿಗೆ ಕೂತಾಗ ಅದು ಬಾಯಿಗೆ ಬರಲಿಲ್ಲ.

"ಚೆನ್ನಾಗಿತ್ತು ಅಂತ ಹಾಕಿದೆ."

"ಚೆನ್ನಾಗಿತ್ತಾ" ಎಂದಳು. ಕೇಳಿದ್ದಲ್ಲ. ಸುಮ್ಮನೆ ಹೇಳಿ ನೋಡಿದ ಹಾಗಿತ್ತು.

ಆಮೇಲೆ— "ಅದೇನು ಬರೆದೀರೋ ಓದ್ರಿ. ನನಗೆ ಓದಾಕೆ ಬರಲ್ಲ. ಅವಳು ಫೋನಿನಾಗೆ ಅಳ್ತಾ ಹೇಳಿದ್ದು ಅರ್ಧ ತಿಳೀಲಿಲ್ಲ."

ಚೀಲದಲ್ಲಿ ಪ್ರಿಂಟ್ ಇತ್ತು. ಓದಿದೆ. ಕೊನೆಯ ಸಾಲುಗಳು ಹೀಗಿದ್ದವು: 'ಆ ಸಹೋದರಿ ಚೊಂಬನ್ನು ಎದೆಗೆ ಅವಚಿಕೊಂಡು ಕೂತಳು. ಕೊಡಲಿಲ್ಲ. ಒಣಗಿದ ತುಟಿಯಲ್ಲೇ ಅವರು ಹೋದರು.'

"ಅದನ್ನ ಇನ್ನೊಂದು ಸಲ ಓದ್ರಿ."

ಓದಿದೆ.

"ನಾನು ಕೊಟ್ಟೆ ಅಂತ ಹೇಳಿದ್ನಲ್ರಿ ನಿಮಗೆ."

"ಹೇಳಿದ್ರಿ."

ಅವಳು ಹೇಳಿದ್ದು ಇದು. ಆವತ್ತು ಬರೆಯದೆ ಬಿಟ್ಟದ್ದು. ನರ್ಸಮ್ಮ ಆ ಕಡೆ ಹೋದಾಗ ಬಟ್ಟೆ ಬಿಚ್ಚಿ ತಿಪ್ಪಯ್ಯನಿಗೆ ಎರಡು ಗುಟುಕು ನೀರು ಕುಡಿಸಿದಳು. ಇನ್ನೊಂದು ಎಂದ. ಕುಡಿಸಿದಳು. ಸಾಕು ಎಂದು ಕಣ್ಣು ಮುಚ್ಚಿದ. ಗಂಟೆಯೊಳಗೆ ಹೋಗಿಬಿಟ್ಟ. ಕೊಡಬೇಡ ಎಂದದ್ದನ್ನು ಕೊಟ್ಟು ಕೊಂದೆ— ಇದು ಎಂಟು ವರ್ಷದಿಂದ ಅವಳ ಒಳಗಿದ್ದದ್ದು.

ನಾನು ಕೊಡಲಿಲ್ಲ ಎಂದು ಬರೆದೆ. ಏಕೆಂದರೆ ವಾಕ್ಯದಲ್ಲಿ ಬಾಯಾರಿಕೆ ಇತ್ತು. ನೀರು ಸಿಕ್ಕಿಬಿಟ್ಟರೆ ಬರಹ ಸಡಿಲವಾಗುತ್ತಿತ್ತು.

"ಅವಳು ಕೇಳ್ತಾಳೆ, ಸಾಯೋನಿಗೆ ಒಂದು ಗುಟುಕು ಕೊಡಾಕೆ ನಿನಗೇನು ಬಂದಿತ್ತವ್ವ ಅಂತ. ನಾನೇನು ಹೇಳ್ಲಿ? ಕೊಡಲಿಲ್ಲ ಅಂದ್ರೆ ಕಲ್ಲು ಎದೆಯೋಳು. ಕೊಟ್ಟೆ ಅಂದ್ರೆ ಕೊಂದೋಳು. ಫೋನ್ ಇಟ್ಬಿಟ್ಟೆ."

ತಪ್ಪಾಯಿತು ಎಂದೆ. ಹೊರಗೆ ಮರಿಯೊಂದು ಹಗ್ಗ ಸುತ್ತಿಕೊಂಡು ಅರಚುತ್ತಿತ್ತು. ಎದ್ದು ಹೋಗಿ ಬಿಡಿಸಿ ಬಂದಳು.

"ಆ ನೀರಿಗೇ ಸತ್ನಾ ಅಯ್ನೋರೆ?"

"ನನಗೆ ಗೊತ್ತಿಲ್ಲ ಬೊಮ್ಮಕ್ಕ. ಅದೆಲ್ಲ ಡಾಕ್ಟರಿಗೆ ಗೊತ್ತಿರುತ್ತೆ. ಇಲ್ಲ ನರ್ಸ್‌ಗಳಿಗೆ..."

ಹೇಳುತ್ತಾ ಹೇಳುತ್ತಾ ನಿಲ್ಲಿಸಿದೆ. ಅವಳೂ ನನ್ನ ಮುಖ ನೋಡಿದಳು. ಉತ್ತರ ಗೊತ್ತಿರಬಹುದಾದ ಒಬ್ಬಳೇ ಒಬ್ಬಳಿಂದ ಎಂಟು ವರ್ಷ ಮುಚ್ಚಿಟ್ಟಿದ್ದಾಳೆ.

ನನ್ನ ಮುಂದಿದ್ದ ನೀರಿನ ಲೋಟ ಎತ್ತಿಕೊಳ್ಳುತ್ತಾ— "ನಾನೇ ಹೇಳ್ತೀನಿ ಅವಳಿಗೆ. ನೀವು ಬಾಯಿ ಬಿಡಬ್ಯಾಡ್ರಿ. ನೀವು ಬರೆದಿದ್ದು ಸುಳ್ಳು ಅನ್ನೋದೊಂದು ಹೇಳ್ರಿ. ಅಷ್ಟೇ. ಮಿಕ್ಕಿದ್ದು ನಂದು."

19 ಜುಲೈ, ಬುಧವಾರ

ಶ್ರುತಿಗೆ ಮೇಲ್. ಐದು ಸಲ ಬರೆದು ಅಳಿಸಿದೆ. ಕೊನೆಗೆ ಹೋದದ್ದು:

'ನಾನು ಹಾಕಿದ ಕಥೆಯ ಕೊನೆ ನಿಜವಲ್ಲ. ನಾನು ಕಟ್ಟಿದ್ದು. ನಿಮ್ಮ ತಾಯಿ ಹಾಗೆ ಹೇಳಲಿಲ್ಲ. ನಡೆದದ್ದನ್ನು ಅವರೇ ನಿಮಗೆ ಹೇಳುತ್ತಾರೆ. ದಯವಿಟ್ಟು ಇನ್ನೊಂದು ಸಲ ಫೋನ್ ಮಾಡಿ. ಅವರ ಮಾತನ್ನು ಗ್ರೂಪಿಗೆ ಹಾಕಲು ನನಗೆ ಹಕ್ಕಿರಲಿಲ್ಲ. ತಿದ್ದುವ ಹಕ್ಕಂತೂ ಇರಲೇ ಇಲ್ಲ.'

ಮೊಳಕಾಲ್ಮೂರಿಗೆ ಹೋಗಲಿಲ್ಲ. ಗೋಪಿಯ ಮುಖ ನೋಡುವ ಧೈರ್ಯ ಬರಲಿಲ್ಲ.

24 ಜುಲೈ, ಸೋಮವಾರ

ಗ್ರೂಪಿನಿಂದ ಆ ಬರಹ ತೆಗೆದೆ. ಅದರ ಕೆಳಗಿನ ಉತ್ತರಗಳು ಅವರವರ ಸ್ವಂತದ್ದು, ಅವನ್ನು ಮುಟ್ಟಲಿಲ್ಲ. ಹೊಸದಾಗಿ ಹಾಕಿದೆ: ಒಬ್ಬರು ನಂಬಿ ಹೇಳಿದ್ದನ್ನು ಕೇಳದೆ ಇಲ್ಲಿ ಹಾಕಿದೆ, ಅದೂ ತಿದ್ದಿ ಹಾಕಿದೆ. ಅವರಿಗೆ ನೋವು ಮಾಡಿದ್ದೇನೆ. ಅವರು ಯಾರೆಂದು ಯಾರೂ ಕೇಳಬೇಡಿ. ಇನ್ನು ಮುಂದೆ ಇಲ್ಲಿ ನನ್ನದನ್ನು ನಾನು ಬರೆಯುತ್ತೇನೆ, ನಿಮ್ಮದನ್ನು ನೀವು ಬರೆಯಿರಿ.

ಪಾಲಾಕ್ಷ ಹಿಂದೆ ನಿಂತು ಪೂರ್ತಿ ಓದಿದ. "ಇಷ್ಟು ಹೇಳ್ಲೇಬೇಕಿತ್ತಾ ಪಾಸ್ಟ್ರೇ? ಸುಮ್ಮನೆ ಡಿಲೀಟ್ ಹೊಡೆದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನಿನಗೆ ಗೊತ್ತಾಗ್ತಿರಲಿಲ್ಲ, ನನಗೆ ಗೊತ್ತಿರ್ತಿತ್ತು" ಎಂದೆ.

25 ಜುಲೈ, ಮಂಗಳವಾರ

68 ಇದ್ದದ್ದು 52. ದಾವಣಗೆರೆಯ ಟೀಚರು ಇಬ್ಬರೂ ಹೋಗಿದ್ದಾರೆ. ಕಾರಣ ಬರೆದಿಲ್ಲ.

'ಸುಳ್ಳೋ ನಿಜವೋ, ನಮಗೆ ಆಶೀರ್ವಾದವಾಯಿತು' ಎಂದು ಮೂವರು ಬರೆದಿದ್ದಾರೆ. ಬಿಟ್ಟುಹೋದವರಿಗಿಂತ ಈ ಮೂವರ ಮಾತೇ ಕಷ್ಟವಾಯಿತು.

ದಾನಿಯೇಲಪ್ಪನವರ ಮೇಲ್, ನನಗೊಬ್ಬನಿಗೆ: 'ನಿಮ್ಮ ಕಥೆ ನಂಬಿ ನನ್ನ ಹೆಂಡತಿಯ ವಿಷಯ ಬರೆದೆ. ನಿಮ್ಮ ಮೇಲೆ ಸಿಟ್ಟಿದೆ. ಆದರೆ ನನ್ನದನ್ನು ತೆಗೆಯಬೇಡಿ. ಅದು ನಿಜ.'

30 ಜುಲೈ, ಭಾನುವಾರ

21 ಜನ. ಆರಾಧನೆಯಲ್ಲೂ ಹೇಳಿಬಿಟ್ಟೆ, ಹೆಸರಿಲ್ಲದೆ. ಎರಡು ನಿಮಿಷದ ಮಾತು.

ಹೊರಗೆ ಮರುಳಪ್ಪನವರು ಕಾದಿದ್ದರು. ಬೈಯುತ್ತಾರೆ ಎಂದುಕೊಂಡೆ. "ನಮ್ಮ ಮನೆ ಕಡೆ ಬರ್ರಿ ಒಂದಿನ. ನನ್ನ ಹತ್ರನೂ ಒಂದು ಮಾತೈತೆ" ಎಂದರು. ಸ್ವಲ್ಪ ತಡೆದು, "ಪೆನ್ನು ಮನೇಲಿಟ್ಟು ಬರ್ರಿ."

31 ಜುಲೈ, ಸೋಮವಾರ

ಶ್ರುತಿಯ ಉತ್ತರ. ಎರಡು ಸಾಲು. 'ಶುಕ್ರವಾರ ನನಗೆ ರಜೆ. ನಿಮ್ಮ ಕಡೆ ಬೆಳಿಗ್ಗೆ ಹನ್ನೊಂದಕ್ಕೆ ಮಾಡುತ್ತೇನೆ, ಅವ್ವನಿಗೆ ತಿಳಿಸಿ.'

ರಾಂಪುರಕ್ಕೆ ಫೋನ್ ಮಾಡಿ ಗೀತಮ್ಮನವರ ಕಡೆಯಿಂದ ಹೇಳಿ ಕಳಿಸಿದೆ. ಮಧ್ಯಾಹ್ನ ಅವರೇ ತಿರುಗಿ ಮಾಡಿದರು. "ನೀವೂ ಬರಬೇಕಂತ್ರಿ. 'ಅವಳು ಸಿಟ್ಟಿಗೆದ್ರೆ, ಬರೆದೋನು ನಾನೇ ಅಂತ ಹೇಳಾಕೆ ಅಯ್ನೋರು ಇರ್ಲಿ' ಅಂದ್ಲು ಅಕ್ಕ."

4 ಆಗಸ್ಟ್, ಶುಕ್ರವಾರ. ಮಧ್ಯಾಹ್ನ 3, ರಾಂಪುರ ಬಸ್ ಸ್ಟ್ಯಾಂಡ್

ಚಳ್ಳಕೆರೆ ಬಸ್ಸು ಇನ್ನೂ ಬಂದಿಲ್ಲ.

ಬೆಳಿಗ್ಗೆ ಹತ್ತೂವರೆಗೇ ದೇವಸಮುದ್ರದಲ್ಲಿದ್ದೆ. ಫೋನಿರುವುದು ಪಕ್ಕದ ಮಂಜಮ್ಮನವರ ಮನೆಯಲ್ಲಿ. ಬೊಮ್ಮಕ್ಕ ತಲೆ ಬಾಚಿ, ಒಗೆದ ಸೀರೆ ಉಟ್ಟು ಕೂತಿದ್ದಳು, ಮಗಳು ಎದುರಿಗೇ ಬರುತ್ತಾಳೇನೋ ಎನ್ನುವ ಹಾಗೆ. ಮಂಜಮ್ಮನವರು ಹಿತ್ತಲಿಗೆ ಹೋದರು. ನಾನು ಹೊರಗೆ ಜಗಲಿಯ ಮೇಲೆ.

ಹನ್ನೊಂದು ಹತ್ತಕ್ಕೆ ಫೋನ್ ಬಂತು. ಮೊದಲು ಬೊಮ್ಮಕ್ಕ ನನ್ನನ್ನು ಒಳಗೆ ಕರೆದಳು. "ಶ್ರುತಿ, ಬರೆದವನು ನಾನೇ. ಅದು ಸುಳ್ಳು" ಎಂದೆ. ಆ ಕಡೆಯಿಂದ, "ಗೊತ್ತಾಯ್ತು ಅಯ್ಯನವರೇ. ಅವ್ವಂಗೆ ಕೊಡಿ." ಧ್ವನಿ ಚಿಕ್ಕ ಹುಡುಗಿಯದರ ಹಾಗಿತ್ತು. ಕೊಟ್ಟು ಹೊರಗೆ ಬಂದೆ. ಬಾಗಿಲು ಎಳೆದುಕೊಂಡೆ.

"ನಿನ್ನ ಕೂಡ ಒಂದು ಮಾತು ಹೇಳಬೇಕು ಮಗಾ" ಎಂದದ್ದು ಕೇಳಿಸಿತು. ಎದ್ದು ಕುರಿಗಳಿದ್ದ ಕಡೆ ಹೋದೆ, ಮುಂದಿನದು ಕೇಳಿಸದಷ್ಟು ದೂರ.

ನಲವತ್ತು ನಿಮಿಷ.

ಬಾಗಿಲು ತೆರೆದಾಗ ಬೊಮ್ಮಕ್ಕನ ಮುಖವೆಲ್ಲ ಒದ್ದೆ. ಸೆರಗಿನಿಂದ ಒರೆಸಿಕೊಳ್ಳಲೂ ಇಲ್ಲ. ನಾನು ಜಗಲಿಗೆ ಮರಳಿದೆ, ಬಂದು ಪಕ್ಕದಲ್ಲಿ ಕೂತಳು. ಕಾಲು ಚಾಚಿದಳು. ಎರಡು ವರ್ಷದಲ್ಲಿ ಅವಳು ಕಾಲು ಚಾಚಿ ಕೂತದ್ದನ್ನು ನಾನು ನೋಡಿರಲಿಲ್ಲ. ಮಂಜಮ್ಮನವರು ಹಿತ್ತಲಿಂದ ಬಂದವರು ಅವಳನ್ನೇ ನೋಡುತ್ತಾ ನಿಂತರು. "ಏನಂದ್ಲಕ್ಕ ಮಗಳು?" ಎಂದರು.

"ಜನವರೀಲಿ ಬರ್ತಾಳಂತೆ" ಎಂದಳು. ಅವರಿಗೆ ಅಷ್ಟೇ ಹೇಳಿದಳು.

ಮನೆಗೆ ಕರೆದುಕೊಂಡು ಹೋಗಿ ಮುದ್ದೆ ಹಾಕಿದಳು. ನಾನು ಉಣ್ಣುವಾಗ ಎದುರಿಗೆ ಕೂತು, ತಾನಾಗಿಯೇ ಶುರು ಮಾಡಿದಳು. ಬರೆಯಬೇಡಿ ಎಂದು ಹೇಳಲಿಲ್ಲ. ಇವರು ಬರೆಯಲ್ಲ ಎಂದುಕೊಂಡೇ ಹೇಳಿದಳು ಅನ್ನಿಸಿತು. ಮೂರು ಗುಟುಕು ನೀರಿನ ವಿಷಯ ಕೇಳಿ ಮಗಳು ಮೊದಲು, ಮೂರೇನಾ ಎಂದು ಮತ್ತೆ ಕೇಳಿದಳಂತೆ. ಆಮೇಲೆ, ತಾನು ದಿನಾ ನೋಡುವ ರೋಗಿಗಳ ಲೆಕ್ಕದಲ್ಲಿ ಹೇಳ್ತೀನಿ ಕೇಳವ್ವ ಎಂದು—

ಪೆನ್ನು ಇಲ್ಲಿಗೇ ಮುಚ್ಚಿದೆ, ಮಿಕ್ಕಿದ್ದು ಅವಳದು.